ಚಿತ್ರದಲ್ಲಿ ಏಳು ಅಪಾಯಗಳಿವೆ

ಶಿಫ್ಟಿಗೆ ಮುಂಚೆ, ಬೂಟು ತೊಳೆಯುವ ತೊಟ್ಟಿಯ ಪಕ್ಕ,
ಆ ಹುಡುಗಿ ನನ್ನ ಮುಂದೆ ಒಂದು ಚಿತ್ರ ಹಿಡಿದಳು.
ಪೋರ್ತೊ ಮೋಂತ್‌ನಿಂದ ಬಂದವಳು, ಹೆಸರು ಮಾಯ್ತೆ,
ಕೈಯಲ್ಲಿ ಸ್ಟಾಪ್‌ವಾಚು.
"ಏನೇನು ಅಪಾಯ ಕಾಣುತ್ತದೆ, ಸೆನ್ಯೋರ ಎರ್ಸೀರಾ?"
ಪಟಪಟ ಹೇಳಿದೆ:
ಮೇಜಿನಂಚಿಗೆ ಜಾರಿದ ಚೂರಿ, ಮುಚ್ಚಳ ತೆಗೆದ ಹಲ್ಲುಚಕ್ರ,
ನೆಲದ ಮೇಲೆ ಮೀನೆಣ್ಣೆ, ನೀರಿನಲ್ಲಿ ವೈರು,
ಕೈಗವಸಿಲ್ಲದ ಹೆಂಗಸು,
ಹಳದಿ ಗೆರೆ ದಾಟಿ ಬಂದ ಫೋರ್ಕ್‌ಲಿಫ್ಟು.
"ಇನ್ನೊಂದಿದೆ," ಎಂದಳು.
ಬಾಗಿಲಿಗೆ ಅಡ್ಡ ಪೇರಿಸಿದ ಪೆಟ್ಟಿಗೆ.
ಏಳಕ್ಕೆ ಏಳು. ಇಪ್ಪತ್ತೆರಡು ಸೆಕೆಂಡು.
"ಹದ್ದಿನ ಕಣ್ಣು ನಿಮ್ಮದು. ಈಗ ಹೇಳಿ,
ಒಂದರಿಂದ ಒಂಬತ್ತರ ತನಕ, ನಿದ್ದೆ ಎಷ್ಟು?"
ಒಂದು, ಅಂದೆ. ಸುಳ್ಳು.
ಹಗಲಿಡೀ ಬೆನ್ನು ಹಾಸಿಗೆ ಕಂಡಿರಲಿಲ್ಲ.

ಆಮೇಲೆ ಸಾಲ್ಮನ್. ಸಾಲು ಸಾಲು ಸಾಲ್ಮನ್.
ತಲೆ ಹೋದ ಮೇಲೆ ನನ್ನ ಬಳಿ ಬರುವವು.
ಸೀಳು, ಸವರು, ಮುಳ್ಳು ಕೀಳು.
ಚಳಿ ಬೂಟಿನ ತಳದಿಂದ ಹತ್ತಿ
ಮೊಣಕಾಲಿನಲ್ಲಿ ಮನೆ ಮಾಡುತ್ತದೆ.
ಕೆಲ್ಯೋನ್ ಕೊಲ್ಲಿಯಲ್ಲೀಗ ಉಬ್ಬರವೋ ಇಳಿತವೋ,
ಇಲ್ಲಿ ಕಿಟಕಿಯಿಲ್ಲ.

ನೊಲ್ಬೆರ್ತೊ ಸಂಜೆ ನಾಲ್ಕಕ್ಕೆ ನೀರಿಗಿಳಿದಿದ್ದ,
ಸಾಕುಬಲೆಯ ತಳದಲ್ಲಿ ಸತ್ತ ಮೀನು ಹೆಕ್ಕಲು.
ಮೇಲೆ ಬಂದವನು ಯಾವಾಗಲೂ ಒಂದು ಪದ ಕಳಿಸುತ್ತಾನೆ:
"ಬಂದೆ."
ಹೋದ ವರ್ಷ ಅವನ ಜೊತೆಗಾರ ಅವಸರದಲ್ಲಿ ಮೇಲೆ ಬಂದ,
ಈಗ ಅಂಗಿಯ ಗುಂಡಿಗೂ ಹೆಂಡತಿಯನ್ನು ಕರೆಯುತ್ತಾನೆ.
ನಾನು ಲಾಕರಿಗೆ ಬೀಗ ಹಾಕುವ ತನಕ
ಪದ ಬಂದಿರಲಿಲ್ಲ.
ಫೋನು ಒಳಗೆ ತರುವಂತಿಲ್ಲ; ನಿಯಮ.
ಕಣ್ಣು ಬೆಲ್ಟಿನ ಮೇಲೆ, ಕಿವಿ ಮಾತ್ರ
ಎರಡು ಗೋಡೆಯಾಚೆ, ತಗಡಿನ ಪೆಟ್ಟಿಗೆಯೊಳಗೆ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆಯಂತೆ.
ನನಗೆ ಚಿಂತೆಯೇ ಸಂತೆ,
ಅದರ ನಟ್ಟನಡುವೆ, ಜನ ತುಳಿಯುವಲ್ಲೇ,
ರಾತ್ರಿ ಮೂರೂವರೆಗೆ ನಿದ್ದೆ.

ಅದು ನೀವು ಅಂದುಕೊಂಡ ನಿದ್ದೆಯಲ್ಲ.
ತಲೆ ವಾಲುವುದಿಲ್ಲ, ರೆಪ್ಪೆ ಕೂಡುವುದಿಲ್ಲ,
ಕೈ ಸೀಳುತ್ತಲೇ ಇರುತ್ತದೆ.
ಒಂದು ಮೀನು ಇತ್ತು. ಈಗ ಇರುವುದು ನಾಲ್ಕನೆಯದು.
ನಡುವಿನ ಎರಡನ್ನು ಕೊಯ್ದವರು ಯಾರು?
ನಾನೇ ಇರಬೇಕು. ಚೂರಿಗೆ ಗೊತ್ತು.

ನಾಲ್ಕೂವರೆಗೆ ಮಾಯ್ತೆ ಮತ್ತೆ ಬಂದಳು.
ಬೇರೆ ಚಿತ್ರ. ಇದರಲ್ಲೂ ಏಳಂತೆ.
ನೋಡಿದೆ. ಚೂರಿ, ಅಂದೆ.
ನೀರು, ಅಂದೆ.
ಆಮೇಲೆ ಬಹಳ ಹೊತ್ತು ಬಿಟ್ಟು,
ಮೀನು ಚೆನ್ನಾಗಿದೆ, ಅಂದೆ.
ಅವಳು ನಗಲಿಲ್ಲ. "ನಿದ್ದೆ ಎಷ್ಟು?"
ಎಂಟು.
ನಿಜ ಹೇಳುವುದಕ್ಕೆ ಕಷ್ಟವೇನೂ ಆಗಲಿಲ್ಲ,
ಸುಳ್ಳಿಗೆ ಬೇಕಾದಷ್ಟು ಬುದ್ಧಿ ಉಳಿದಿರಲಿಲ್ಲ.
ಎಂಟು, ಎಂದು ಬರೆದುಕೊಂಡಳು.
"ಥ್ಯಾಂಕ್ಸ್, ಇನ್ನು ಕೆಲಸಕ್ಕೆ ಹೋಗಬಹುದು."

ಬರೆಯುತ್ತ ಬರೆಯುತ್ತ ಅವಳು ಹಿಂದೆ ಸರಿದಳು,
ಒಂದು ಹೆಜ್ಜೆ, ಎರಡು,
ಹಳದಿ ಗೆರೆ ಅವಳ ಬೂಟಿನ ಅಡಿಯಲ್ಲಿ ಮಾಯವಾಯಿತು.
ಅವೆಲೀನೊನ ಫೋರ್ಕ್‌ಲಿಫ್ಟು ಹಿಮ್ಮುಖವಾಗಿ ಬರುತ್ತಿತ್ತು.
ಅವನಿಗೂ ಅದೇ ನಾಲ್ಕೂವರೆ.
ನಾನು ಕಂಡೆ. ಎಲ್ಲವನ್ನೂ ಸ್ಪಷ್ಟವಾಗಿ ಕಂಡೆ,
ಕನ್ನಡಿಯ ಅಂಗಡಿಯಲ್ಲಿ ಕಂಡ ಹಾಗೆ.
ಕಂಡದ್ದು ತಲೆಗೆ ಹೋಗಿ, ತಲೆಯಿಂದ ನಾಲಗೆಗೆ ಬರಲು
ಒಂದು ಊರಿನಷ್ಟು ದಾರಿ.
ಬಾಯಿ ತೆರೆದು ನಾನು ಹೇಳಿದ್ದು:
"ಮೂರು."

ಚಿತ್ರ ಇನ್ನೂ ಮುಗಿದಿಲ್ಲ ಅಂದುಕೊಂಡಿದ್ದೆ.

ಅವೆಲೀನೊ ಯಾಕೆ ಬ್ರೇಕು ಒತ್ತಿದ, ಅವನಿಗೇ ಗೊತ್ತಿಲ್ಲ.
ಐಸಿನ ಪೆಟ್ಟಿಗೆಯೊಂದು ಜಾರಿ ಒಡೆಯಿತು.
ಸ್ಟಾಪ್‌ವಾಚು ಕೆಳಗೆ ಬಿದ್ದು ಓಡುತ್ತಲೇ ಇತ್ತು.
ಹುಡುಗಿ ಮೊಣಕಾಲೂರಿ ಅದನ್ನು ಹುಡುಕಿದಳು,
ಅದು ಕಣ್ಣೆದುರಿಗೇ ಇತ್ತು.

ಬೆಳಿಗ್ಗೆ ಲಾಕರು ತೆರೆದೆ.
"ಬಂದೆ." ಸಂಜೆ ಏಳು ಗಂಟೆ ನಾಲ್ಕು ನಿಮಿಷ.
ನಾನು ಬೀಗ ಹಾಕಿದ ಮೇಲೆ ಒಂದು ಸಿಗರೇಟಿನಷ್ಟು ಹೊತ್ತು.
ಬೈದೆ. ಅತ್ತೆ ಕೂಡ, ಸ್ವಲ್ಪ.
ಗವಸು ಬಿಚ್ಚುವಾಗ ಎಡ ಹೆಬ್ಬೆರಳಿನ ಮೇಲೆ
ನೇರವಾದ ಒಂದು ಸೀಳು ಕಾಣಿಸಿತು,
ರಬ್ಬರಿನ ತುಂಬ, ಒಳಗಿನ ನೂಲಿನ ತನಕ.
ಯಾವ ಮೀನಿನ ಹೊತ್ತಿಗೋ.